ಪರವಾನಗಿಗೆ ಒಂದು ಕುತ್ತಿಗೆ

ಹುಬ್ಬಳ್ಳಿಯ ಫಕೀರಪ್ಪ ಯಾರದಾದರೂ ಕುತ್ತಿಗೆ ತಿರುವಿ ನೆಟಿಗೆ ತೆಗೆದನೆಂದರೆ ಧಾರವಾಡದ ಗಡಿಯಾರಗಳೆಲ್ಲ ಹತ್ತು ನಿಮಿಷ ಮುಂದೆ ಜಿಗಿಯುತ್ತಿದ್ದವು. ಸರ್ಕಸ್ಸಿನ ಆನೆಯ ಅರೆತಲೆನೋವನ್ನು ಕಿರುಬೆರಳಲ್ಲೇ ಇಳಿಸಿದ್ದನಂತೆ. ಹಾಗೆಂದು ಹೇಳಿದವನೂ ಅವನೇ.

ನೋವಿನ ಮಾತ್ರೆ ನುಂಗಿದವರನ್ನು ಜೈಲಿಗೆ ಹಾಕತೊಡಗಿ ಮೂವತ್ತು ವರ್ಷವಾಗಿತ್ತು. ಔಷಧಿ ಅಂಗಡಿಗಳೆಲ್ಲ ನೆಟಿಗೆ ಅಂಗಡಿಗಳಾಗಿದ್ದವು. ಪರವಾನಗಿ ನವೀಕರಿಸಲು ಬರುವ ಅಧಿಕಾರಿಗೆ ಅಂದು ಅರೆತಲೆನೋವು ಇರಲೇಬೇಕು, ಅವರ ಕುತ್ತಿಗೆಯ ಮೇಲೇ ಪರೀಕ್ಷೆ ನಡೆಯಬೇಕು ಎಂಬುದು ನಿಯಮ.

ಈ ಸಲ ಬಂದವಳು ಶಾರದಾಬಾಯಿ ಕಟಗೇರಿ. ಮಫ್ಲರ್ ಸುತ್ತಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು, ಬಿಸಿಲನ್ನೂ ಬೈಯುತ್ತ ಬಂದಳು.

“ಬರ್ರಿ ಬಾಯಾರ, ಮಂತ್ರಿಗಳ ಕುತ್ತಿಗಿ ಸೈತ ಈ ಕೈಯಾಗ...”

“ಬಾಯಿ ಮುಚ್ಚು, ಕೈ ಹಚ್ಚು. ಸುಳ್ಳಾದ್ರ ಇವತ್ತ ಅಂಗಡಿಗೆ ಬೀಗ.”

ಫಕೀರಪ್ಪ ಅವಳ ಎರಡೂ ಕಿವಿಗಳ ಮೇಲೆ ಅಂಗೈ ಇಟ್ಟು, ಉಸಿರು ಕಟ್ಟಿ, ಕೂಸನ್ನು ತೂಗುವಂತೆ ಕೈಗಳನ್ನು ತುಸು ಓಲಿಸಿದ. ಲಟಕ್ಕನೆ ಸದ್ದಾಯಿತು.

“ತಲಿನೋವು ಇಳೀತೋ ಇಲ್ರೀ?” ಎಂದು ಮೀಸೆ ತೀಡಿದ.

ಅವಳು ಮಫ್ಲರ್ ಬಿಚ್ಚಿ ಕತ್ತಿನ ಉದ್ದಕ್ಕೂ ಇದ್ದ ಹೊಲಿಗೆಯ ಗುರುತು ತೋರಿಸಿದಳು. “ಇಲ್ಲಿನ ಎಲುಬಿಗೆಲ್ಲ ಕಬ್ಬಿಣ ಹಾಕಿ ಬಿಗದಾರ. ಹತ್ತು ವರ್ಷದಿಂದ ಅಲುಗಾಡಿಲ್ಲ. ಆ ನೆಟಿಗಿ ಯಾರದೋ, ಕಳ್ಳಾ?”

ಫಕೀರಪ್ಪ ತನ್ನ ಹೆಬ್ಬೆಟ್ಟು ಮಡಚಿ ಮತ್ತೊಮ್ಮೆ ಲಟಕ್ಕನೆ ಸದ್ದು ಮಾಡಿ ತೋರಿಸಿದ. “ನನ್ನ ಹೆಬ್ಬೆಟ್ಟಿಂದ್ರೀ. ಅಂಗಡಿ ತೆಗೆದ ಮೊದಲನೇ ವರ್ಷ ಹೇಣ್ತಿ ಕುತ್ತಿಗಿ ಖರೇನ ತಿರುವಿದ್ದೆ. ಅಕಿ ಬಲಗೈ ಅವತ್ತಿಂದ ಎದ್ದಿಲ್ಲ. ಆಮ್ಯಾಲೆ ಯಾರ ಕುತ್ತಿಗಿನೂ ನಾ ತಿರುವಿಲ್ರೀ.”