ಪಂಕ್ತಿಭೇದ

ತಾರಸಿಯ ಬಾಗಿಲು ತೆಗೆದ ಸೊಸೆ ಕೈಯಲ್ಲಿದ್ದ ಚೀಲವನ್ನು ಅಲ್ಲೇ ಕೆಳಗೆ ಬಿಟ್ಟಳು. ಎಡಸಾಲಿನ ಕುಂಡಗಳಲ್ಲಿ ಸಸಿಗಳು ಹಚ್ಚಗೆ ನಿಂತಿದ್ದವು, ಅದು ಸರಿ. ಆದರೆ ಬಲಸಾಲಿನವೂ ಹಚ್ಚಗೆ ನಿಂತಿದ್ದವು. ಎರಡು ತಿಂಗಳ ತರಬೇತಿಗೆಂದು ಅವಳು ಪರಊರಿಗೆ ಹೊರಟಾಗ ಅವು ಹಳದಿ ತಿರುಗಿ, ಗೇಣುದ್ದವೂ ಬೆಳೆಯದೆ ಮುದುಡಿಕೊಂಡಿದ್ದವು. ಈಗಲೂ ಹಾಗೆಯೇ ಇರಬೇಕಿತ್ತು.

"ಮಾವಾ, ಈ ಸಾಲಿಗೆ ಏನು ಹಾಕಿದ್ರಿ?"

"ನೀರು. ನೀನು ಹೇಳಿದ ಹಾಗೇನೇ, ಎರಡಕ್ಕೂ ಒಂದೇ ಅಳತೆ," ಎಂದರು ಮಾವ, ನೀರಿನ ಪೈಪು ಸುತ್ತುತ್ತ. ಮುಖ ಮಾತ್ರ ಬೇರೆ ಕಡೆಗಿತ್ತು.

ಮಾವ ಬ್ಯಾಟರಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜೀವಮಾನವಿಡೀ ಊಟ ಬಡಿಸಿದವರು. ಅಲ್ಲಿ ಅವರ ಹೆಸರೇ ಸೌಟಪ್ಪ. ಮ್ಯಾನೇಜರಿಗೂ ಅದೇ ಸೌಟು, ಕಸ ಗುಡಿಸುವವನಿಗೂ ಅದೇ ಸೌಟು. ಒಂದಗುಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಇಷ್ಟು ಕಲಿತ ಮನುಷ್ಯ ಸುಳ್ಳು ಹೇಳುವುದನ್ನು ಮಾತ್ರ ಕಲಿತಿರಲಿಲ್ಲ.

"ಮಾವಾ..."

"ಒಂದೊಂದು ಚಮಚ ಮಣ್ಣು ಹಾಕಿದೆ ಕಣಮ್ಮ. ಆ ಸಾಲಿನ ಕುಂಡದಿಂದ ತೆಗೆದು ಈ ಸಾಲಿನ ಬೇರಿನ ಹತ್ರ. ನೀನೇನೋ ಹೊರಟುಹೋದೆ, ದಿನಾ ನೋಡೋನು ನಾನು. ಒಂದು ಸಾಲು ಉಂಡು ತೇಗ್ತಾ ಇದೆ, ಇನ್ನೊಂದು ಸಾಲು ಪಾಪ ನನ್ನ ಮುಖಾನೇ ನೋಡ್ತಾ ಕೂತಿದೆ. ಪಂಕ್ತಿಭೇದ ಮಾಡು ಅಂದ್ರೆ ಈ ಕೈಗೆ ಎಲ್ಲಿ ಬರುತ್ತೆ, ಹೇಳು?"

ಸೊಸೆ ಮೆಟ್ಟಿಲ ಮೇಲೆ ಕುಸಿದು ಕೂತಳು. "ಆ ಭೇದ ತೋರಿಸೋಕೇ ಅಲ್ವಾ ಮಾವ, ನಾನು ಈ ಸಾಲು ಇಟ್ಟಿದ್ದು!"

ಎಲ್ಲ ಕುಂಡಗಳಲ್ಲೂ ಇದ್ದದ್ದು, ಈಗ ಬೀಗ ಬಿದ್ದಿರುವ ಆ ಕಾರ್ಖಾನೆಯ ಹಿತ್ತಲ ಮಣ್ಣು. ವರ್ಷಗಟ್ಟಲೆ ಸೀಸ ಕುಡಿದು ಹುಲ್ಲನ್ನೂ ಬೆಳೆಸದಾದ ಮಣ್ಣು. ಎಡಸಾಲಿಗೆ ಮಾತ್ರ ಅವಳು ಅಣಬೆಯ ದೂರದ ನೆಂಟನಂಥ ಒಂದು ಶಿಲೀಂಧ್ರ ಬೆರೆಸಿದ್ದಳು. ಅದು ಕೂದಲಿಗಿಂತ ತೆಳುವಾದ ಎಳೆಗಳಾಗಿ ಬೇರಿನ ಒಳಗೂ ಹೊರಗೂ ಹಬ್ಬುತ್ತದೆ. ಬೇರಿಗೆ ಎಟುಕದ ಕಡೆಯಿಂದ ನೀರು, ಸಾರ ತಂದುಕೊಡುತ್ತದೆ. ಸೀಸದ ದೊಡ್ಡ ಪಾಲನ್ನು ಗಿಡಕ್ಕೆ ಬಿಡದೆ ತನ್ನ ಮೈಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಗಿಡವೂ ಸುಮ್ಮನಿರುವುದಿಲ್ಲ, ತಾನು ಮಾಡಿದ ಸಕ್ಕರೆಯಲ್ಲಿ ಅದಕ್ಕೊಂದು ಪಾಲು ಕೊಡುತ್ತದೆ. ಇವತ್ತು ಇದನ್ನೆಲ್ಲ ನೋಡಲು ನಗರಸಭೆಯ ಇಂಜಿನಿಯರ್ ಬರುವವರಿದ್ದರು. ಅವರಿಗೆ ನಂಬಿಕೆ ಬಂದರೆ ಆ ಹಿತ್ತಲಿಗೆ ಮರ. ಬಾರದಿದ್ದರೆ ನಾಳೆಯಿಂದಲೇ ಕಾಂಕ್ರೀಟು.

ಸೊಸೆ ಇದನ್ನೆಲ್ಲ ಹೇಳುವುದನ್ನು ಕೇಳುತ್ತ ಕೇಳುತ್ತ ಮಾವನ ಮುಖ ಸಣ್ಣದಾಯಿತು. "ಹಾಗಾದ್ರೆ ನಾನು ನಿನ್ನ ಬಾಯಿಗೇ ಮಣ್ಣು ಹಾಕಿಬಿಟ್ನಾ ತಾಯಿ?"

ಅಳಬೇಕೆಂದುಕೊಂಡಿದ್ದ ಸೊಸೆಗೆ ನಗು ಬಂದುಬಿಟ್ಟಿತು. ಹಸಿದ ಗಿಡವನ್ನು ನೋಡಲಾರದ ಈ ಮುದುಕನ ಮೇಲೆ ಅವಳಿಗೆ ಉಕ್ಕಿದಷ್ಟು ಪ್ರೀತಿ ಸ್ವಂತ ಅಪ್ಪನ ಮೇಲೂ ಉಕ್ಕಿರಲಿಲ್ಲ. ಅಷ್ಟರಲ್ಲಿ ಕೆಳಗೆ ಕರೆಗಂಟೆ ಸದ್ದು ಮಾಡಿತು.

ಇಂಜಿನಿಯರ್ ತಾರಸಿಗೆ ಬಂದು ಆ ಸಾಲು ನೋಡಿದರು, ಈ ಸಾಲು ನೋಡಿದರು. "ಎರಡೂ ಒಂದೇ ಥರ ಇದೆಯಲ್ಲಮ್ಮ. ಮತ್ತೆ ನಿಮ್ಮ ಬೂಷ್ಟು ಮಾಡಿದ್ದೇನು?"

ಚಮಚದ ಮಣ್ಣಿನ ಜೊತೆ ಶಿಲೀಂಧ್ರವೂ ಈ ಸಾಲಿಗೆ ದಾಟಿತೆಂದು ಸೊಸೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಅವರು ತಲೆಯಾಡಿಸಿದರು. "ಒಂದು ಚಮಚ ಮಣ್ಣಿಗೆ ಇಷ್ಟೆಲ್ಲಾನಾ? ಕಥೆ ಚೆನ್ನಾಗಿದೆ ಬಿಡಿ."

"ಅಯ್ಯಯ್ಯೋ!"

ಕೂಗಿದ್ದು ಮಾವ. ತಪ್ಪು ಮಾಡಿದವರಂತೆ ನೀರಿನ ಟ್ಯಾಂಕಿನ ಮರೆಗೆ ಹೋಗಿ ನಿಂತಿದ್ದ ಅವರ ಕಣ್ಣಿಗೆ ಬಲಸಾಲಿನ ಕೊನೆಯ ಕುಂಡ ಬಿದ್ದಿತ್ತು. ಟ್ಯಾಂಕಿನ ಕಾಲಿನ ಹಿಂದೆ ಸರಿದುಹೋಗಿದ್ದ ಅದಕ್ಕೆ ಪೈಪಿನ ನೀರು ತಲುಪಿತ್ತು, ಚಮಚ ತಲುಪಿರಲಿಲ್ಲ. ನಾಲ್ಕು ಹಳದಿ ಎಲೆ ಹೊತ್ತ ಕಡ್ಡಿ ಅದು. "ಇದಕ್ಕೆ ಬಡಿಸಲೇ ಇಲ್ವಲ್ಲ ನಾನು!" ಎನ್ನುತ್ತ ಮಾವ ಓಡಿಹೋಗಿ ಚಮಚ ಹಿಡಿದು ಬಂದರು. ಕಣ್ಣಲ್ಲಿ ನೀರಿತ್ತು.

ಇಂಜಿನಿಯರ್ ಬಗ್ಗಿ ನೋಡಿದರು. ಒಂದು ಹಳದಿ ಎಲೆಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ, "ಇದು ಹುಟ್ಟಾ ಬಡಕಲೇ ಇರಬಹುದಲ್ವಾ?" ಎಂದರು.

ಸೊಸೆ ಮಾವನ ಕೈಯಿಂದ ಚಮಚ ತೆಗೆದುಕೊಂಡು ಇಂಜಿನಿಯರ್ ಮುಂದೆ ಹಿಡಿದಳು. "ನೀವೇ ಬಡಿಸಿ ಸಾರ್. ಬೇರೇನೂ ಹಾಕಲ್ಲ, ಕುಂಡ ಇದ್ದ ಜಾಗದಲ್ಲೇ ಇರುತ್ತೆ. ಇನ್ನೆರಡು ತಿಂಗಳು ನೋಡಿ. ಇದು ಚೇತರಿಸಿಕೊಳ್ಳದಿದ್ರೆ ನಾನೇ ಮುಂದೆ ನಿಂತು ಕಾಂಕ್ರೀಟು ಹಾಕಿಸ್ತೀನಿ."

ಅವರು ಗಡಿಯಾರ ನೋಡಿಕೊಂಡರು, ಮಾವನ ಮುಖ ನೋಡಿದರು. ಪ್ಯಾಂಟು ಮೇಲಕ್ಕೆಳೆದುಕೊಂಡು ಕುಕ್ಕರಗಾಲಿನಲ್ಲಿ ಕೂತರು. ಎಡಸಾಲಿನ ಕುಂಡದ ಬೇರಿನ ಬುಡದಿಂದ ಒಂದು ಚಮಚ ಮಣ್ಣು ತೆಗೆದು ಬಡಕಲು ಸಸಿಯ ಬುಡಕ್ಕೆ ಸುರಿದರು.

"ಸಂಕೋಚ ಬೇಡ ಸಾರ್, ಚಮಚ ತುಂಬ ಹಾಕಿ," ಎಂದರು ಮಾವ ಹಿಂದಿನಿಂದ.

ಕೈ ಕೊಡವಿಕೊಂಡು ಎದ್ದ ಇಂಜಿನಿಯರ್, "ಆಯ್ತು, ಆಮೇಲೆ ನೋಡೋಕೆ ಯಾರನ್ನಾದ್ರೂ ಕಳಿಸ್ತೀನಿ," ಎಂದು ಮೆಟ್ಟಿಲ ಕಡೆ ಹೊರಟರು. ಮಾವ ಬಾಗಿಲಿಗೆ ಅಡ್ಡ ನಿಂತರು.

"ಯಾರನ್ನೋ ಕಳಿಸೋದಲ್ಲ ಸಾರ್. ಬಡಿಸಿದವರೇ ಬಂದು ಹೊಟ್ಟೆ ತುಂಬಿತಾ ಅಂತ ಕೇಳಬೇಕು."

ಇಂಜಿನಿಯರ್ ನಕ್ಕು, ಅವರ ಪಕ್ಕದಿಂದ ನುಸುಳಿ ಹೊರಟರು. ಅವರು ಮೆಟ್ಟಿಲಿಳಿಯುತ್ತ ಫೋನಿನಲ್ಲಿ ಮಾತಾಡುವುದು ಮೇಲಿದ್ದ ಇಬ್ಬರಿಗೂ ಕೇಳಿಸಿತು: "ನಾಳೆ ಕಾಂಕ್ರೀಟಿನ ಲಾರಿ ಕಳಿಸಬೇಡಪ್ಪ... ಯಾಕೆ ಅಂದ್ರೆ? ಇಲ್ಲೊಬ್ಬರು ಈಗಷ್ಟೇ ಊಟಕ್ಕೆ ಕೂತಿದ್ದಾರೆ."