ಗೋಬರ್ ಗ್ಯಾಸಿಗೆ ಹೊದೆಸಿದ ಕಂಬಳಿ

ಬಿಸಿಲಿಗೆ ಕಾದ ಒಣಹುಲ್ಲಿನ ವಾಸನೆ ಎಲ್ಲಿ ಬಂದರೂ ನನಗೆ ಈಗಲೂ ಮಲೆನಾಡಿನ ಸಂಸೆಯ ನಮ್ಮ ಹಿತ್ತಿಲಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ದೂರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹೊಗೆಯಿಂದ ಅಮ್ಮನಿಗೆ ಕೆಮ್ಮು ಹೆಚ್ಚಾಯಿತೆಂದು ಆ ವರ್ಷ ಹಿತ್ತಿಲಲ್ಲಿ ಗುಂಡಿ ತೆಗೆಸಿ ಗೋಬರ್ ಗ್ಯಾಸ್ ಹಾಕಿಸಿದ್ದ. ಸಗಣಿಯ ಗ್ಯಾಸಿನಲ್ಲಿ ಅಡುಗೆಯೆಂದರೆ ಅಜ್ಜಿಗೆ ಅಸಹ್ಯ. ಅದೇ ಕಾರಣಕ್ಕೆ ಅತ್ತೆ ಸೊಸೆಯರ ನಡುವೆ ಮಾತು ಕಡಿಮೆಯಾಗಿತ್ತು.

ಮಾಗಿಯ ಚಳಿ ಬಂದ ಮೇಲೆ ಒಲೆಯ ನೀಲಿ ಉರಿ ದಿನದಿನಕ್ಕೆ ಕುಗ್ಗಿ, ಆವತ್ತು ಹತ್ತಲೇ ಇಲ್ಲ. ಅಮ್ಮ ಮತ್ತೆ ಸೌದೆ ಒಲೆಯ ಮುಂದೆ ಕೂತು ಕೆಮ್ಮತೊಡಗಿದಳು.

ಸ್ವಲ್ಪ ಹೊತ್ತು ಅದನ್ನು ಕೇಳಿಸಿಕೊಂಡ ಅಜ್ಜಿ ನನ್ನನ್ನು ಕರೆದಳು. "ಆ ಗುಂಡಿಯೊಳಗೆ ಏನೋ ಹುಳ ಇದಾವೆ, ಅವೇ ಗ್ಯಾಸ್ ಮಾಡ್ತವೆ ಅಂತ ನಿಮ್ಮಪ್ಪ ಹೇಳಿದ್ನಲ್ಲ ಮಗಾ?"

"ಹೌದಜ್ಜಿ, ಕಣ್ಣಿಗೆ ಕಾಣ್ದಷ್ಟು ಸಣ್ಣವು."

"ಸಣ್ಣವಾದ್ರೂ ಜೀವ ಅಲ್ವಾ? ಚಳಿಗೆ ಮುದುರಿ ಬಿದ್ದಿರ್ತವೆ."

ಬಚ್ಚಲ ಹಂಡೆಯ ಬೆಚ್ಚನೆ ನೀರು ಹೊಯ್ದು ಅಜ್ಜಿ ತನ್ನ ಕೈಯಿಂದಲೇ ಸಗಣಿ ಕದಡಿ ಗುಂಡಿಗೆ ಬಿಟ್ಟಳು. ಗುಂಡಿಯ ಗುಮ್ಮಟದ ಮೇಲೆ ನಾವಿಬ್ಬರೂ ಒಣಹುಲ್ಲು ಹರಡಿದೆವು. ಆಮೇಲೆ ಅವಳು ಒಳಗಿನಿಂದ ತನ್ನ ಕರಿ ಕಂಬಳಿ ತಂದು, ಮಗುವಿಗೆ ಹೊದೆಸುವ ಹಾಗೆ ಅಂಚು ಸರಿಮಾಡಿ ಹೊದೆಸಿದಳು.

ಅಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದಳು. "ಅತ್ತೆ, ರಾತ್ರಿ ನಿಮಗೆ ಹೊದೆಯಕ್ಕೆ?"

"ನಿನ್ನ ರಗ್ಗು ದೊಡ್ಡದಿದೆಯಲ್ಲ ಮಾರಾಯ್ತಿ."

ಕೆಲವು ದಿನಗಳಲ್ಲಿ ಉರಿ ಮೆಲ್ಲಗೆ ಮರಳಿತು. ಆ ಚಳಿ ಮುಗಿಯುವವರೆಗೂ ಒಂದೇ ರಗ್ಗಿನೊಳಗಿಂದ ಬರುತ್ತಿದ್ದ ಅವರಿಬ್ಬರ ಪಿಸುಮಾತು ಕೇಳುತ್ತ ನಾನು ನಿದ್ದೆಹೋಗುತ್ತಿದ್ದೆ.