ಹೊಸ ಬಂಡಲ್

ಹೆರಿಗೆ ಆಸ್ಪತ್ರೆಯ ಮಹಡಿಯಲ್ಲಿ ವೈರ್‌ಮನ್ ಚೆನ್ನಿಗಪ್ಪ ಗೋಡೆಯ ಪೈಪಿನಿಂದ ಹಳೆಯ ವೈರು ಎಳೆದರೆ, ಅದಕ್ಕಂಟಿಕೊಂಡು ಸತ್ತ ಇಲಿಯ ಅರ್ಧ ಮೈಯೂ ಬಂತು. ಮೂವತ್ತು ವರ್ಷದಿಂದ ವೈರಿನ ತುದಿಯನ್ನು ಹಲ್ಲಿನಲ್ಲೇ ಸುಲಿಯುತ್ತಿದ್ದವನು ಅವನು. ತಾಮ್ರ ಹೇಗಿದೆಯೆಂದು ನೋಡಲು ಅಭ್ಯಾಸಬಲದಿಂದ ಇದನ್ನೂ ಕಚ್ಚಿಬಿಟ್ಟ. ಕೊಳೆತ ಇಲಿ ನಾಲಿಗೆಗೆ ಹತ್ತಿತು. ಎಷ್ಟು ಬಾಯಿ ಮುಕ್ಕಳಿಸಿದರೂ ಆ ರುಚಿ ಹೋಗಲೊಲ್ಲದು.

"ಬಿಸಾಕ್ಬೇಡ," ಎಂದ ಕಂಟ್ರಾಕ್ಟರ್. "ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ್ರೆ ಹೊಸದರಂಗೆ ಹೊಳೆಯುತ್ತೆ. ಕೆಳಗಡೆ ಮಕ್ಕಳ ವಾರ್ಡಿಗೆ ಎಳೆದುಬಿಡು."

"ಹಸುಗೂಸುಗಳು ಮಲಗೋ ಜಾಗ ಸ್ವಾಮಿ ಅದು. ಈ ಹೊಲಸನ್ನ ಹಾಕೋಕೆ ನನ್ನ ಕೈಲಾಗಲ್ಲ."

"ಗೋಡೆ ಒಳಗಿರೋದನ್ನ ಯಾರಯ್ಯ ನೋಡ್ತಾರೆ?"

"ನಾನು ನೋಡಿದೀನಲ್ಲ. ಹೊಸ ಬಂಡಲ್ ತರಿಸಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೊಳ್ಳಿ."

"ಆಯ್ತು ಬಿಡಪ್ಪ, ನೀನೇ ಗೆದ್ದೆ," ಎಂದು ಕಂಟ್ರಾಕ್ಟರ್ ಹಳೆಯ ವೈರನ್ನೆಲ್ಲ ಗುಜರಿಗೆಂದು ಆಟೋಗೆ ಹಾಕಿಸಿದ.

ಎರಡು ದಿನ ಬಿಟ್ಟು ಬಂಡಲ್‌ಗಳು ಬಂದವು. ಹೊಸ ಪ್ಲಾಸ್ಟಿಕ್ ಕವರು, ಅದರ ಮೇಲೆ ಅಚ್ಚಾದ ಚೀಟಿ, ಒಳಗೆ ಮಿರಮಿರ ಮಿಂಚುವ ಕೆಂಪು ವೈರು. ಹಟ ಹಿಡಿದದ್ದು ಸಾರ್ಥಕವಾಯಿತೆಂದು ಚೆನ್ನಿಗಪ್ಪ ಒಳಗೊಳಗೇ ಬೀಗಿದ. ಸಂಜೆಯೊಳಗೆ ವಾರ್ಡಿನ ಪೈಪುಗಳಿಗೆಲ್ಲ ಅದನ್ನು ಎಳೆದು ಮುಗಿಸಿ, ತೊಟ್ಟಿಲ ಪಕ್ಕದ ಸ್ವಿಚ್ಚಿಗೆ ಜೋಡಿಸಲು ತುದಿಯನ್ನು ಹಲ್ಲಿಗಿಟ್ಟು ಕಚ್ಚಿದ.

ನಾಲಿಗೆಗೆ ಮೊದಲು ಕೊಬ್ಬರಿ ಎಣ್ಣೆ ತಗುಲಿತು, ಅದರ ಹಿಂದೆಯೇ ಆ ಇಲಿ.